ನಮ್ಮ ಬೀದಿಯ ತೆರಿಗೆ ಕಟ್ಟದ ವಾಹನಗಳು: ನಿಯಮವೇನು, ನೆರೆಹೊರೆಯವರು ಮಾಡಬೇಕಾದುದೇನು

ಇಂದಿರಾಪುರಂನ ನೀತಿ ಖಂಡ, ನ್ಯಾಯ ಖಂಡ, ಅಹಿಂಸಾ ಖಂಡಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ವಾಹನ ನಿಲುಗಡೆಯ ಕಷ್ಟ ಹೊಸದಲ್ಲ. ಸಂಜೆ ಕಚೇರಿಯಿಂದ ಮರಳುವ ಹೊತ್ತಿಗೆ ಮನೆಯ ಮುಂದೆ ಜಾಗವಿರುವುದಿಲ್ಲ. ಆದರೆ ಬೀದಿಯ ತಿರುವಿನಲ್ಲಿ ಧೂಳು ಹೊದ್ದು, ಗಾಳಿಯಿಳಿದ ಚಕ್ರಗಳ ಮೇಲೆ ಕುಳಿತ ಕಾರೊಂದು ತಿಂಗಳುಗಟ್ಟಲೆ ಕದಲದೆ ಇರುತ್ತದೆ.

ಕೆಲವು ವರ್ಷಗಳ ಹಿಂದೆ ನಮ್ಮ ಬೀದಿಯಲ್ಲಿಯೂ ಅಂಥದೊಂದು ಕಾರಿತ್ತು. ಅದರ ಸಂಖ್ಯಾಫಲಕ ಕರ್ನಾಟಕದ್ದು. ನಿವಾಸಿಗಳ ಸಭೆಯಲ್ಲಿ ಅದನ್ನು ತೆರಿಗೆಗಳ್ಳರ ಗಾಡಿಯೆಂದು ಕರೆದು, ಎಳೆದು ಹಾಕಿಸಬೇಕೆಂದು ಒತ್ತಾಯಿಸಿದರು. ಹಿರಿಯರೊಬ್ಬರು ನಮ್ಮತ್ತ ತಿರುಗಿ, "ನಿಮ್ಮ ಕಡೆಯ ಗಾಡಿ, ನೀವೇ ವಿಚಾರಿಸಿ" ಎಂದರು. ವಿಚಾರಿಸಿದಾಗ ಕಾರಿನ ಯಜಮಾನರು ತೀರಿಕೊಂಡಿದ್ದರು. ಅವರ ಪತ್ನಿ ಮೈಸೂರಿನಲ್ಲಿ ಮಗಳ ಮನೆ ಸೇರಿದ್ದರು. ದೂರವಾಣಿಯಲ್ಲಿ ಆ ತಾಯಿ, "ಅವರ ಹೆಸರಿನಲ್ಲಿ ಉಳಿದಿರೋದು ಅದೊಂದೇ, ತೆಗೆಯೋಕೆ ಮನಸ್ಸು ಬರಲಿಲ್ಲಪ್ಪ" ಎಂದರು. ಉತ್ತರ ಪ್ರದೇಶಕ್ಕೆ ತೆರಿಗೆ ಸಲ್ಲಬೇಕಾಗಿದ್ದುದು ನಿಜ. ಅವರು ಕಳ್ಳರಲ್ಲ ಎಂಬುದೂ ಅಷ್ಟೇ ನಿಜ. ಇವೆರಡನ್ನೂ ಮರೆಯದೆ ಈ ವಿಷಯವನ್ನು ಹೇಗೆ ನಿಭಾಯಿಸಬೇಕೆಂಬುದನ್ನು ಇಲ್ಲಿ ವಿವರಿಸಲು ಪ್ರಯತ್ನಿಸಿದ್ದೇವೆ.

ತೆರಿಗೆ ಯಾರಿಗೆ ಸಲ್ಲಬೇಕು?

ಸಂವಿಧಾನದ ಏಳನೆಯ ಅನುಸೂಚಿಯ ರಾಜ್ಯಪಟ್ಟಿಯಲ್ಲಿ 57ನೆಯ ನಮೂದಿನಂತೆ ವಾಹನ ತೆರಿಗೆ ರಾಜ್ಯಗಳ ಹಕ್ಕು. ನೋಂದಣಿಯ ನಿಯಮಗಳು ಮಾತ್ರ ಕೇಂದ್ರದ 1988ರ ಮೋಟಾರು ವಾಹನ ಕಾಯ್ದೆಯವು. ಆ ಕಾಯ್ದೆಯ 46ನೆಯ ಪ್ರಕರಣದಂತೆ ಒಂದು ರಾಜ್ಯದ ನೋಂದಣಿ ದೇಶದೆಲ್ಲೆಡೆ ಮಾನ್ಯ. ಆದರೆ 47ನೆಯ ಪ್ರಕರಣದಂತೆ ವಾಹನವನ್ನು ಬೇರೊಂದು ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡರೆ ಆ ರಾಜ್ಯದ ಹೊಸ ಸಂಖ್ಯೆಗಾಗಿ ಅರ್ಜಿ ಸಲ್ಲಿಸಬೇಕು. ಅಲ್ಲಿನ ತೆರಿಗೆಯನ್ನೂ ಕಟ್ಟಬೇಕು.

ಇಂದಿರಾಪುರಂನಲ್ಲಿ ಈ ನಿಯಮಕ್ಕೆ ವಿಶೇಷ ಮಹತ್ವವಿದೆ. ಘಾಜೀಪುರದ ಗಡಿ ದಾಟಿದರೆ ದೆಹಲಿ. ಇತ್ತ ಗಾಜಿಯಾಬಾದ್ ಜಿಲ್ಲೆ, ಉತ್ತರ ಪ್ರದೇಶ. ಒಂದೇ ಬೀದಿಯಲ್ಲಿ ಯುಪಿ 14, ಡಿಎಲ್, ಎಚ್‌ಆರ್ ಸಂಖ್ಯೆಗಳ ನಡುವೆ ನಮ್ಮ ಕೆಎ ಸಂಖ್ಯೆಗಳೂ ಕಾಣುತ್ತವೆ. ಉತ್ತರ ಪ್ರದೇಶದಲ್ಲಿ ಖಾಸಗಿ ಕಾರಿಗೆ ನೋಂದಣಿಯ ವೇಳೆಯಲ್ಲಿಯೇ ಒಂದು ಬಾರಿಯ ತೆರಿಗೆ ಕಟ್ಟುವುದರಿಂದ ಸ್ಥಳೀಯ ಕಾರುಗಳಲ್ಲಿ ಬಾಕಿ ವಿರಳ. ಬಾಕಿ ಸಾಮಾನ್ಯವಾಗಿ ಕಾಣುವುದು ವರ್ಷ ಮೀರಿ ಇಲ್ಲಿಯೇ ಉಳಿದ ಹೊರರಾಜ್ಯದ ವಾಹನಗಳಲ್ಲಿ ಮತ್ತು ಅವಧಿಗೊಮ್ಮೆ ತೆರಿಗೆ ಕಟ್ಟಬೇಕಾದ ಬಾಡಿಗೆ, ಸರಕು ವಾಹನಗಳಲ್ಲಿ.

ಕರ್ನಾಟಕ ಕಲಿಸಿದ ಪಾಠ

ಇದೇ ಪ್ರಶ್ನೆ ತಿರುವುಮುರುವಾಗಿ ಬೆಂಗಳೂರಿನಲ್ಲಿ ಎದ್ದಿತ್ತು. 2014ರಲ್ಲಿ ಕರ್ನಾಟಕ ಸರ್ಕಾರ ತನ್ನ 1957ರ ಮೋಟಾರು ವಾಹನ ತೆರಿಗೆ ಕಾಯ್ದೆಯನ್ನು ತಿದ್ದಿ, ಹೊರರಾಜ್ಯದ ವಾಹನ 30 ದಿನಗಳಿಗಿಂತ ಹೆಚ್ಚು ಉಳಿದರೆ ಜೀವಿತಾವಧಿ ತೆರಿಗೆ ಕಟ್ಟಬೇಕೆಂದಿತು. ಕೆಲಸಕ್ಕಾಗಿ ಬಂದವರ ವಾಹನಗಳನ್ನು ರಸ್ತೆಯಲ್ಲಿ ತಡೆದು ತೆರಿಗೆ ಕೇಳಲಾಯಿತು. 2016ರ ಮಾರ್ಚಿಯಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಆ ತಿದ್ದುಪಡಿಯನ್ನು ರದ್ದುಗೊಳಿಸಿತು. ಹೊರರಾಜ್ಯದ ಫಲಕ ಕಂಡ ಮಾತ್ರಕ್ಕೆ ತೆರಿಗೆ ವಂಚನೆಯೆಂದು ತೀರ್ಮಾನಿಸಲಾಗದು ಎಂಬುದೇ ನಮಗೆ ಇದರಿಂದ ದೊರೆಯುವ ಪಾಠ. ಅಲ್ಲಿ ನಮ್ಮವರು ಕೇಳುತ್ತಿದ್ದ ಪ್ರಶ್ನೆಗೆ ಇಲ್ಲಿ ನಾವು ಉತ್ತರಿಸಬೇಕಾದವರು.

ಮೊದಲು ನಮ್ಮ ಕಾಗದಪತ್ರ

ತನ್ನ ಎಲೆಯಲ್ಲಿ ಹೆಗ್ಗಣ ಬಿದ್ದಿದ್ದರೂ ಪಕ್ಕದವನ ಎಲೆಯ ನೊಣ ತೋರಿಸಿದಂತಾಗಬಾರದು. ಕರ್ನಾಟಕದ ವಾಹನ ವರ್ಷ ಮೀರಿ ಇಲ್ಲಿರುವುದಾದರೆ, ಮೂಲ ನೋಂದಣಿ ಕಚೇರಿಯಿಂದ ನಮೂನೆ 28ರಲ್ಲಿ ನಿರಾಕ್ಷೇಪಣಾ ಪತ್ರ ಪಡೆಯಬೇಕು. ಸಾಲವಿದ್ದರೆ ಬ್ಯಾಂಕಿನ ಒಪ್ಪಿಗೆಯೂ ಬೇಕು. ಬಳಿಕ ಗಾಜಿಯಾಬಾದ್‌ನ ಸಾರಿಗೆ ಕಚೇರಿಯಲ್ಲಿ ನಮೂನೆ 27ರ ಅರ್ಜಿಯೊಂದಿಗೆ ತೆರಿಗೆ ಕಟ್ಟಿ ಹೊಸ ಸಂಖ್ಯೆ ಪಡೆಯಬೇಕು. ಕರ್ನಾಟಕದಲ್ಲಿ ಕಟ್ಟಿದ್ದ ಜೀವಿತಾವಧಿ ತೆರಿಗೆಯಲ್ಲಿ ಉಳಿದ ಅವಧಿಯ ಪಾಲನ್ನು ಮರಳಿ ಕೇಳಲು ಅವಕಾಶವಿದೆ. ಎಷ್ಟೋ ಮಂದಿ ಈ ಹಣವನ್ನು ಕೇಳುವುದೇ ಇಲ್ಲ.

ನಮ್ಮಂತೆ ವರ್ಗಾವಣೆಯ ನೌಕರಿಯವರಿಗೆ 2021ರ ಸೆಪ್ಟೆಂಬರ್ 15ರಿಂದ ಬಿಎಚ್ ಸರಣಿಯ ಸಂಖ್ಯೆ ದೊರೆಯುತ್ತಿದೆ. ಕೇಂದ್ರ ಮತ್ತು ರಾಜ್ಯ ಸರ್ಕಾರಗಳ, ಸಾರ್ವಜನಿಕ ವಲಯದ ಉದ್ಯಮಗಳ ನೌಕರರಿಗೂ, ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿಯಿರುವ ಖಾಸಗಿ ಸಂಸ್ಥೆಗಳ ನೌಕರರಿಗೂ ಇದು ಅನ್ವಯ. ತೆರಿಗೆಯನ್ನು ಎರಡು ವರ್ಷಗಳ ಕಂತಿನಲ್ಲಿ ಕಟ್ಟಬಹುದು. ಊರು ಬದಲಾದಾಗ ಸಂಖ್ಯೆ ಬದಲಾಗುವುದಿಲ್ಲ.

ಬೀದಿಯಲ್ಲಿ ನಿಂತ ವಾಹನಕ್ಕೆ ಏನು ಮಾಡಬೇಕು?

ಮೊದಲ ಹೆಜ್ಜೆ ಪರಿಶೀಲನೆ. ಕೇಂದ್ರ ಸರ್ಕಾರದ ಪರಿವಾಹನ್ ಜಾಲತಾಣದಲ್ಲಿ ಅಥವಾ ಎಂಪರಿವಾಹನ್ ಆ್ಯಪ್‌ನಲ್ಲಿ ಸಂಖ್ಯೆ ನಮೂದಿಸಿದರೆ ನೋಂದಣಿ, ವಿಮೆ, ಮಾಲಿನ್ಯ ಪ್ರಮಾಣಪತ್ರಗಳ ಸ್ಥಿತಿ ತಿಳಿಯುತ್ತದೆ. ಮಾಲೀಕರ ಪೂರ್ಣ ಹೆಸರು ಕಾಣುವುದಿಲ್ಲ, ಕಾಣಬೇಕಾಗಿಯೂ ಇಲ್ಲ.

ಎರಡನೆಯದು ಮಾತುಕತೆ. ಕಾವಲುಗಾರರು, ಅಂಗಡಿಯವರು, ನಿವಾಸಿಗಳ ಸಂಘದ ಕಾರ್ಯದರ್ಶಿ ಇವರಲ್ಲಿ ಯಾರಿಗಾದರೂ ವಾಹನ ಯಾರದೆಂದು ತಿಳಿದಿರುತ್ತದೆ. ಬ್ಯಾಂಕಿನಲ್ಲಿ ನಿಷ್ಕ್ರಿಯವಾದ ಖಾತೆಗಳನ್ನು ನಾವು ಬಹಳ ಕಂಡಿದ್ದೇವೆ. ಅವುಗಳ ಹಿಂದೆ ಮೋಸಕ್ಕಿಂತ ಹೆಚ್ಚಾಗಿ ಮರಣ, ಕಾಯಿಲೆ, ವಲಸೆಗಳೇ ಇರುತ್ತವೆ. ನಿಂತ ವಾಹನದ ಕಥೆಯೂ ಹಾಗೆಯೇ.

ಮೂರನೆಯದು ಲಿಖಿತ ದೂರು. ಸಾರ್ವಜನಿಕ ಸ್ಥಳದಲ್ಲಿ ಹತ್ತು ಗಂಟೆ ಅಥವಾ ಹೆಚ್ಚು ಕಾಲ ಬಿಟ್ಟುಹೋದ ವಾಹನವನ್ನು ತೆರವುಗೊಳಿಸಲು ಕಾಯ್ದೆಯ 127ನೆಯ ಪ್ರಕರಣ ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿಗೆ ಅಧಿಕಾರ ಕೊಟ್ಟಿದೆ. ಆದ್ದರಿಂದ ತೆರವಿಗೆ ಸಂಚಾರಿ ಪೊಲೀಸರನ್ನೂ, ತೆರಿಗೆ ಬಾಕಿಗೆ ಸಾರಿಗೆ ಕಚೇರಿಯನ್ನೂ ಸಂಪರ್ಕಿಸಬೇಕು. ಉತ್ತರ ಪ್ರದೇಶ ಸರ್ಕಾರದ ಜನಸುನವಾಯಿ ಜಾಲತಾಣ ಮತ್ತು 1076 ಸಹಾಯವಾಣಿಯಲ್ಲಿಯೂ ದೂರು ದಾಖಲಿಸಬಹುದು. ದೂರಿನಲ್ಲಿ ವಾಹನದ ಸಂಖ್ಯೆ, ನಿಂತ ಸ್ಥಳ, ಎಂದಿನಿಂದ ನಿಂತಿದೆ ಎಂಬ ವಿವರ, ದಿನಾಂಕವಿರುವ ಛಾಯಾಚಿತ್ರ ಇರಲಿ. ಆವರಣದೊಳಗೆ, ಅಂದರೆ ಸಾರ್ವಜನಿಕರಿಗೆ ಪ್ರವೇಶದ ಹಕ್ಕಿಲ್ಲದ ಜಾಗದಲ್ಲಿ ನಿಂತ ವಾಹನಕ್ಕೆ 127ನೆಯ ಪ್ರಕರಣ ನೆರವಾಗದು. ಅಲ್ಲಿ ಸಂಘದ ಉಪನಿಯಮಗಳಂತೆ ನೋಟಿಸು ಕೊಡುವುದೇ ದಾರಿ.

ಬ್ರಿಟನ್ನಿನಲ್ಲಿ 1921ರಿಂದ ಗಾಜಿನ ಮೇಲೆ ಅಂಟಿಸುತ್ತಿದ್ದ ತೆರಿಗೆಯ ಬಿಲ್ಲೆಯನ್ನು 2014ರ ಅಕ್ಟೋಬರಿನಲ್ಲಿ ಕೈಬಿಟ್ಟರು. ಅಲ್ಲಿಯೂ ತೆರಿಗೆಯಿಲ್ಲದ ವಾಹನದ ಬಗ್ಗೆ ನೆರೆಯವರು ಮಾಹಿತಿಯನ್ನಷ್ಟೇ ಕೊಡುತ್ತಾರೆ; ಚಕ್ರಕ್ಕೆ ಬೀಗ ಹಾಕಿಸುವುದು ಇಲಾಖೆಯ ಕೆಲಸ. ಚಕ್ರದ ಗಾಳಿ ತೆಗೆಯುವುದು, ಗಾಜಿಗೆ ಬೈಗುಳದ ಚೀಟಿ ಅಂಟಿಸುವುದು, ನಾವೇ ಎಳೆದು ಬೇರೆಡೆ ನಿಲ್ಲಿಸುವುದು ಯಾವ ಊರಿನಲ್ಲಿಯೂ ಸಲ್ಲದು. ಹಾನಿಯಾದರೆ ದೂರು ನಮ್ಮ ಮೇಲೆಯೇ ಬರುತ್ತದೆ.

ಹಳೆಯ ವಾಹನ, ತೀರಿಹೋದವರ ವಾಹನ

ರಾಜಧಾನಿ ವಲಯದಲ್ಲಿ ವಾಹನದ ವಯಸ್ಸಿನ ನಿರ್ಬಂಧವೂ ಇದೆ. 10 ವರ್ಷ ಮೀರಿದ ಡೀಸೆಲ್, 15 ವರ್ಷ ಮೀರಿದ ಪೆಟ್ರೋಲ್ ವಾಹನಗಳ ಮೇಲಿನ ನಿಷೇಧವನ್ನು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ಎತ್ತಿಹಿಡಿಯಿತು. 2025ರ ಆಗಸ್ಟಿನಲ್ಲಿ ವಯಸ್ಸಿನ ಕಾರಣಕ್ಕಾಗಿಯೇ ಮಾಲೀಕರ ಮೇಲೆ ಬಲವಂತದ ಕ್ರಮ ಬೇಡವೆಂದಿತು. ಡಿಸೆಂಬರಿನಲ್ಲಿ ಆ ರಕ್ಷಣೆಯನ್ನು ಬಿಎಸ್ 4 ಮತ್ತು ನಂತರದ ಮಾನದಂಡದ ವಾಹನಗಳಿಗೆ ಸೀಮಿತಗೊಳಿಸಿತು.

ಮಾಲೀಕರು ತೀರಿಕೊಂಡರೆ ವಾರಸುದಾರರು 30 ದಿನಗಳೊಳಗೆ ನೋಂದಣಿ ಕಚೇರಿಗೆ ತಿಳಿಸಿ, ಮೂರು ತಿಂಗಳೊಳಗೆ ನಮೂನೆ 31ರಲ್ಲಿ ವರ್ಗಾವಣೆಗೆ ಅರ್ಜಿ ಸಲ್ಲಿಸಬೇಕು. ಮಾರಿದ ವಾಹನದ ವರ್ಗಾವಣೆಯನ್ನೂ ಅಲಕ್ಷಿಸಬಾರದು. ದಾಖಲೆಯಲ್ಲಿ ಹೆಸರಿರುವವರೇ ಅಪಘಾತದ ಪರಿಹಾರಕ್ಕೆ ಹೊಣೆಯೆಂದು ಸರ್ವೋಚ್ಚ ನ್ಯಾಯಾಲಯ 2018ರ ನವೀನ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ವಾಹನ ಬೇಡವಾದರೆ 2021ರ ನಿಯಮಗಳಡಿ ನೋಂದಾಯಿತವಾದ ಗುಜರಿ ಘಟಕಕ್ಕೆ ಒಪ್ಪಿಸಿ ಪ್ರಮಾಣಪತ್ರ ಪಡೆಯಬೇಕು. ಬೀದಿಬದಿಯ ಗುಜರಿಯವರಿಗೆ ಕೊಟ್ಟರೆ ಕಾರು ಹೋಗುತ್ತದೆ, ದಾಖಲೆಯಲ್ಲಿ ಹೆಸರು ಉಳಿಯುತ್ತದೆ.

ನಮ್ಮ ಬೀದಿಯ ಆ ಕಾರಿಗೆ ಕೊನೆಗೆ ಇದೇ ದಾರಿಯಾಯಿತು. ಮೈಸೂರಿನಿಂದ ಮಗಳು ಬಂದು ಮರಣ ಪ್ರಮಾಣಪತ್ರ, ವಾರಸುದಾರಿಕೆಯ ಪತ್ರಗಳನ್ನು ಸಲ್ಲಿಸಿದರು. ಕಾರನ್ನು ಒಯ್ಯುವ ದಿನ, ಎಳೆದು ಹಾಕಿಸಿ ಎಂದಿದ್ದ ನೆರೆಯವರೇ ಮುಂದೆ ನಿಂತು ಅದನ್ನು ತಳ್ಳಿಕೊಟ್ಟರು. ಮಗಳು ಒಳಗಿದ್ದ ಪುಟ್ಟ ಗಣಪತಿಯ ವಿಗ್ರಹವನ್ನು ತೆಗೆದುಕೊಂಡು ಹೋದರು. ಓದುಗರು ಈ ವಾರವೇ ತಮ್ಮ ವಾಹನದ ನೋಂದಣಿ ಪತ್ರವನ್ನು ತೆಗೆದು, ಅದರಲ್ಲಿರುವ ಹೆಸರು, ವಿಳಾಸ, ಅವಧಿಗಳನ್ನು ಒಮ್ಮೆ ನೋಡಿಕೊಳ್ಳಬೇಕೆಂದು ಕೋರುತ್ತೇವೆ.