ಯಾತನೆ ಮತ್ತು ನಿತ್ಯಜೀವದ ನಿರೀಕ್ಷೆ: ಕ್ರೈಸ್ತ ಚಿಂತನೆಯ ಇತಿಹಾಸ

ರೋಗ, ಹಿಂಸೆ, ಅಗಲಿಕೆ, ಮರಣ ಇವುಗಳನ್ನು ಕ್ರೈಸ್ತರು ಯೇಸುವಿನ ಶಿಲುಬೆ ಮತ್ತು ಪುನರುತ್ಥಾನದ ಬೆಳಕಿನಲ್ಲಿ ಅರ್ಥೈಸುತ್ತ ಬಂದಿದ್ದಾರೆ. ನೋವು ಯಾಕೆ ಬರುತ್ತದೆ ಎಂಬುದಕ್ಕೆ ಅವರು ಕೊಟ್ಟ ಉತ್ತರಗಳು ಕಾಲಕಾಲಕ್ಕೆ ಬದಲಾಗಿವೆ. ದೇವರು ನೋವಿನಲ್ಲಿ ಜೊತೆಗಿದ್ದಾನೆ, ಮರಣವೇ ಕೊನೆಯಲ್ಲ ಎಂಬ ಎರಡು ನಂಬಿಕೆಗಳನ್ನು ಮಾತ್ರ ಕೈಬಿಟ್ಟಿಲ್ಲ.

ಇದರ ಬೇರು ಹೀಬ್ರೂ ಧರ್ಮಗ್ರಂಥದ ಯೋಬನ ಕಥೆಯಲ್ಲಿದೆ. ಮಕ್ಕಳು, ಆಸ್ತಿ, ಆರೋಗ್ಯ ಎಲ್ಲವನ್ನೂ ಕಳೆದುಕೊಂಡ ಯೋಬನಿಗೆ ಸ್ನೇಹಿತರು ಇದು ನಿನ್ನ ಪಾಪದ ಫಲ ಎಂದು ವಾದಿಸುತ್ತಾರೆ; ಕೊನೆಗೆ ದೇವರು ಗದರುವುದು ಆ ಸ್ನೇಹಿತರನ್ನೇ. ಕ್ರಿ.ಶ. 50ರ ದಶಕದಲ್ಲಿ ಪತ್ರಗಳನ್ನು ಬರೆದ ಪೌಲ ತನ್ನ ದೇಹದಲ್ಲಿ ನಾಟಿದ ಮುಳ್ಳಿನಂಥ ಬಾಧೆಯನ್ನು ತೆಗೆದುಹಾಕೆಂದು ಮೂರು ಸಲ ಬೇಡಿಕೊಂಡ. ಅದು ಹೋಗಲಿಲ್ಲ, ಸಹಿಸುವ ಬಲ ಸಿಕ್ಕಿತು. ರೋಮಿನ ಸಭೆಗೆ ಬರೆದ ಪತ್ರದಲ್ಲಿ ಅವನು ಇಡೀ ಸೃಷ್ಟಿಯೇ ಹೆರಿಗೆಯ ನೋವಿನಲ್ಲಿದೆ ಎನ್ನುತ್ತಾನೆ. ಅವನ ನಿರೀಕ್ಷೆ ಲೋಕವನ್ನು ಬಿಟ್ಟು ಪಾರಾಗುವುದರಲ್ಲಿಲ್ಲ, ದೇಹವೂ ಲೋಕವೂ ಹೊಸದಾಗುವುದರಲ್ಲಿದೆ. ಮುಂದಿನ ಶತಮಾನಗಳು ಈ ವ್ಯತ್ಯಾಸವನ್ನು ಆಗಾಗ ಮರೆತದ್ದು ದೊಡ್ಡ ನಷ್ಟ.

ರೋಮನ್ ಆಡಳಿತ ಕ್ರೈಸ್ತರನ್ನು ಹಿಂಸಿಸುತ್ತಿದ್ದ ಕಾಲದ ನಂಬಿಕೆ ಹೇಗಿತ್ತೆಂದು ತಿಳಿಯಲು ಕಾರ್ಥೇಜಿನ ಪೆರ್ಪೆಟುವಾಳ ಸೆರೆಮನೆ ಬರಹಕ್ಕಿಂತ ಹತ್ತಿರದ ಸಾಕ್ಷ್ಯ ಬೇಕಿಲ್ಲ. 203ರಲ್ಲಿ ಬಂಧಿತಳಾದಾಗ ಆಕೆಗೆ ಸುಮಾರು 22 ವರ್ಷ, ಮಡಿಲಲ್ಲಿ ಮೊಲೆಯುಣ್ಣುವ ಕೂಸು. ಕತ್ತಲು, ಸೆಕೆ, ನೂಕುನುಗ್ಗಲು, ಎಲ್ಲಕ್ಕಿಂತ ಹೆಚ್ಚಾಗಿ ಮಗುವಿನ ಚಿಂತೆ ತನ್ನನ್ನು ಕಾಡಿತೆಂದು ಅವಳು ಮುಚ್ಚುಮರೆಯಿಲ್ಲದೆ ಬರೆದಿದ್ದಾಳೆ. ಮುದಿ ತಂದೆ ಬಂದು ಕಾಲಿಗೆ ಬಿದ್ದರೂ ನಂಬಿಕೆ ಬಿಡಲಿಲ್ಲ. ತಂದೆಯ ಸಂಕಟ ಕಂಡು ಮರುಗಿದಳು. ಕನಸಿನಲ್ಲಿ ಆಕೆ ಆಕಾಶ ಮುಟ್ಟುವ ಕಂಚಿನ ಏಣಿಯನ್ನು ಕಂಡಳು. ಅದರ ಎರಡೂ ಬದಿಗೆ ಕತ್ತಿ, ಭರ್ಜಿ, ಕೊಕ್ಕೆಗಳು, ಬುಡದಲ್ಲಿ ಘಟಸರ್ಪ. ಅದರ ತಲೆಯನ್ನೇ ಮೆಟ್ಟಿಲಾಗಿಸಿಕೊಂಡು ಹತ್ತಿದರೆ ಮೇಲೊಂದು ತೋಟ, ಅಲ್ಲಿ ಕುರಿಯ ಹಾಲು ಕರೆಯುತ್ತಿದ್ದ ನರೆಗೂದಲಿನ ಕುರುಬ. ಅವಳ ಜೊತೆಗಿದ್ದ ದಾಸಿ ಫೆಲಿಸಿಟಿ ಸೆರೆಯಲ್ಲೇ ಹೆತ್ತಳು. ಇಬ್ಬರನ್ನೂ ಮಲ್ಲರಂಗದಲ್ಲಿ ಕೊಲ್ಲಲಾಯಿತು.

410ರಲ್ಲಿ ರೋಮ್ ಲೂಟಿಯಾದ ಮೇಲೆ ಬಿಷಪ್ ಅಗಸ್ಟೀನ್ ‘ದೇವರ ನಗರ’ ಬರೆದು, ಭೂಮಿಯ ಸಾಮ್ರಾಜ್ಯಗಳು ಕುಸಿದರೂ ನಂಬಿಕೆಯ ಪಯಣ ನಿಲ್ಲದು ಎಂದು ವಾದಿಸಿದ. ಮಧ್ಯಯುಗದಲ್ಲಿ ಪ್ಲೇಗು ಯುರೋಪಿನ ಮನೆಮನೆಯನ್ನೂ ಹೊಕ್ಕಿತು. ಇಂಗ್ಲೆಂಡಿನ ನಾರ್ವಿಚ್‌ನ ಜೂಲಿಯನ್ ಆ ಮಾರಿಯ ನೆರಳಲ್ಲೇ ಬೆಳೆದವಳು. 1373ರ ಮೇ ತಿಂಗಳಲ್ಲಿ, ಮೂವತ್ತರ ಪ್ರಾಯದಲ್ಲಿ, ಸೊಂಟದ ಕೆಳಗೆ ಸ್ಪರ್ಶವಿಲ್ಲದೆ ಸಾಯುವ ಸ್ಥಿತಿಯಲ್ಲಿದ್ದಾಗ ಪಾದ್ರಿ ಕಣ್ಣೆದುರು ಶಿಲುಬೆ ಹಿಡಿದರು. ಆಗ ಕಂಡ ಹದಿನಾರು ದರ್ಶನಗಳ ಅರ್ಥವನ್ನು ಆಕೆ ಸುಮಾರು ಇಪ್ಪತ್ತು ವರ್ಷ ಧ್ಯಾನಿಸಿದಳು. ಇಷ್ಟೊಂದು ಕೇಡಿರುವಾಗ ಎಲ್ಲವೂ ಒಳಿತಾಗುವುದು ಹೇಗೆಂದು ದೇವರನ್ನು ಮತ್ತೆ ಮತ್ತೆ ಕೇಳಿದಳು. ದೇವರಲ್ಲಿ ಕೋಪವನ್ನು ತಾನು ಕಾಣಲಿಲ್ಲ ಎಂದ ಆಕೆಯ ಧೈರ್ಯ, ಪ್ಲೇಗನ್ನು ದೈವಶಿಕ್ಷೆಯೆಂದು ಸಾರುತ್ತಿದ್ದ ಕಾಲದಲ್ಲಿ ಸಣ್ಣದಲ್ಲ.

1755ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ಬೆಳಿಗ್ಗೆ, ಲಿಸ್ಬನ್ ನಗರ ಭೂಕಂಪಕ್ಕೆ ನೆಲಸಮವಾಯಿತು. ತುಂಬಿದ ಚರ್ಚುಗಳು ಜನರ ಮೇಲೆಯೇ ಕುಸಿದವು. ಇದೇ ಅತ್ಯುತ್ತಮ ಲೋಕ ಎಂಬ ತತ್ತ್ವಜ್ಞಾನಿಗಳ ಸಮಾಧಾನವನ್ನು ವಾಲ್ಟೇರ್ ಕಟುವಾಗಿ ಟೀಕಿಸಿದ. 19ನೇ ಶತಮಾನದಲ್ಲಿ ಮಾರ್ಕ್ಸ್ ಧರ್ಮವನ್ನು ಅಫೀಮಿಗೆ ಹೋಲಿಸಿದ. ಈ ಟೀಕೆಗೆ ಆಧಾರವಿತ್ತು: ಅಮೆರಿಕದ ಒಡೆಯರು ಪರಲೋಕದ ಆಸೆ ತೋರಿಸಿ ಗುಲಾಮರನ್ನು ವಿಧೇಯರಾಗಿಡಲು ನೋಡಿದ್ದರು. ಆದರೆ ಅದೇ ಗುಲಾಮರು ತಮ್ಮ ಹಾಡುಗಳಲ್ಲಿ ಮೋಶೆ ಇಸ್ರಾಯೇಲರನ್ನು ಗುಲಾಮಗಿರಿಯಿಂದ ಬಿಡಿಸಿದ ಕಥೆಯನ್ನು ತಮ್ಮದಾಗಿಸಿಕೊಂಡರು. ಅವರ ಬಾಯಲ್ಲಿ ಸ್ವರ್ಗವೆಂದರೆ ಬಿಡುಗಡೆಯೂ ಆಗಿತ್ತು.

20ನೇ ಶತಮಾನದ ಚಿಂತನೆ ಯುದ್ಧದ ಬೂದಿಯಿಂದ ಎದ್ದದ್ದು. ಹಿಟ್ಲರನ ಸೆರೆಯಲ್ಲಿದ್ದ ಜರ್ಮನ್ ಪಾದ್ರಿ ಡೀಟ್ರಿಕ್ ಬಾನ್‌ಹೋಫರ್, ಯಾತನೆಪಡುವ ದೇವರೇ ನೆರವಾಗಬಲ್ಲನೆಂದು ಬರೆದರು; 1945ರ ಏಪ್ರಿಲ್ 9ರಂದು ಅವರನ್ನು ಗಲ್ಲಿಗೇರಿಸಲಾಯಿತು. 1943ರ ಜುಲೈನಲ್ಲಿ ಹ್ಯಾಂಬರ್ಗ್ ಮೇಲೆ ಬಾಂಬು ಸುರಿದಾಗ, 17ರ ಹರೆಯದ ಯೂರ್ಗನ್ ಮೋಲ್ಟ್‌ಮನ್ ಪಕ್ಕದಲ್ಲೇ ನಿಂತಿದ್ದ ಗೆಳೆಯ ಸತ್ತ. ನಾನೇಕೆ ಉಳಿದೆ ಎಂಬ ಪ್ರಶ್ನೆ ಹೊತ್ತೇ ಅವರು ಯುದ್ಧಕೈದಿಯಾಗಿ ಸ್ಕಾಟ್‌ಲೆಂಡಿನ ಶಿಬಿರ ಸೇರಿದರು. ಅಲ್ಲಿ ಬೈಬಲ್ ಓದುವಾಗ, ದೇವರು ತನ್ನ ಕೈಬಿಟ್ಟನೆಂದು ಶಿಲುಬೆಯ ಮೇಲೆ ಕೂಗಿದ ಯೇಸುವಿನಲ್ಲಿ ತಮ್ಮನ್ನು ಬಲ್ಲ ಒಬ್ಬನನ್ನು ಕಂಡರು. ‘ನಿರೀಕ್ಷೆಯ ದೇವತಾಶಾಸ್ತ್ರ’ (1964), ‘ಶಿಲುಬೆಗೇರಿದ ದೇವರು’ (1972) ಎಂಬ ಅವರ ಗ್ರಂಥಗಳು ಆ ಓದಿನ ಫಲ. ಪುನರುತ್ಥಾನವನ್ನು ನಂಬುವವರು ಇಂದಿನ ಅನ್ಯಾಯದೊಡನೆ ರಾಜಿಯಾಗಲಾರರು ಎಂಬುದು ಅವರ ವಾದ.

ಈ ನಂಬಿಕೆ ಆರೈಕೆಯ ರೂಪವನ್ನೂ ಪಡೆಯಿತು. ಮಂಗಳೂರಿನ ಕಂಕನಾಡಿಯಲ್ಲಿ ಜೆಸ್ವಿಟ್ ಪಾದ್ರಿ ಆಗಸ್ಟಸ್ ಮುಲ್ಲರ್ 1880ರಲ್ಲಿ ಹೋಮಿಯೋಪತಿ ಔಷಧ ಹಂಚಲು ತೊಡಗಿ, 1890ರಲ್ಲಿ ಊರು ಹೊರಹಾಕಿದ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು. ಲಂಡನ್ನಿನಲ್ಲಿ ವೈದ್ಯೆ ಸಿಸಿಲಿ ಸಾಂಡರ್ಸ್ 1967ರಲ್ಲಿ ಸಾಯುವವರ ಆರೈಕೆಗೆಂದು ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆದರು. ನೋವು ಮರುಕಳಿಸುವ ಮುನ್ನವೇ ಹೊತ್ತುಹೊತ್ತಿಗೆ ಮಾರ್ಫಿನ್ ಕೊಡುವುದು ಅವರ ಪದ್ಧತಿ. ಸಾಯುವವರ ಸಂಕಟದಲ್ಲಿ ದೇಹ, ಮನಸ್ಸು, ಸಂಬಂಧ, ಆತ್ಮ ನಾಲ್ಕೂ ನೋಯುತ್ತವೆ ಎಂದು ವೈದ್ಯಲೋಕಕ್ಕೆ ಮನಗಾಣಿಸಿದ ಅವರ ಹಾಸ್ಪಿಸ್‌ಗೆ ಬರಲು ಕ್ರೈಸ್ತರೇ ಆಗಿರಬೇಕೆಂಬ ನಿಯಮವಿರಲಿಲ್ಲ.