ದೂರುದಾರರಿಲ್ಲದ ಅಪರಾಧ

ಕಳವಾದರೆ ಕಳೆದುಕೊಂಡವರು ದೂರು ಕೊಡುತ್ತಾರೆ. ಹೆಣ್ಣು ಭ್ರೂಣಹತ್ಯೆಯಲ್ಲಿ ದೂರುವವರೇ ಇರುವುದಿಲ್ಲ. ಇಂಥ ಅಪರಾಧದ ಸುಳಿವು ಸಿಗುವುದು ಎಣಿಕೆಯಿಂದ.

ಈ ವಿಧಾನ ಹಳೆಯದು. 1662ರಲ್ಲಿ ಲಂಡನ್ನಿನ ವ್ಯಾಪಾರಿ ಜಾನ್ ಗ್ರಾಂಟ್ ಚರ್ಚಿನ ದಾಖಲೆಗಳನ್ನು ಎಣಿಸಿ, ಗಂಡುಮಕ್ಕಳ ಜನನ ತುಸು ಹೆಚ್ಚೆಂದು ತೋರಿಸಿದ. 82 ವರ್ಷಗಳ ದಾಖಲೆಯಲ್ಲಿ ಪ್ರತಿ ವರ್ಷವೂ ಹೀಗೆಯೇ ಇದ್ದುದರಿಂದ ಇದು ಆಕಸ್ಮಿಕವಲ್ಲವೆಂದು 1710ರಲ್ಲಿ ವೈದ್ಯ ಜಾನ್ ಅರ್ಬತ್‌ನಾಟ್ ವಾದಿಸಿದ.

ಸಹಜವಾಗಿ 100 ಹೆಣ್ಣುಮಕ್ಕಳಿಗೆ ಸುಮಾರು 105 ಗಂಡುಮಕ್ಕಳು ಹುಟ್ಟುತ್ತಾರೆ. ಅಂದರೆ 1000 ಗಂಡಿಗೆ ಸುಮಾರು 952 ಹೆಣ್ಣು. N ಜನನಗಳಲ್ಲಿ ಆಕಸ್ಮಿಕ ಏರಿಳಿತ ಸುಮಾರು √N/2. ನೂರು ಜನನಗಳಾದ ಹಳ್ಳಿಯಲ್ಲಿ ಐದು ಹೆಣ್ಣುಮಕ್ಕಳು ಕಡಿಮೆಯಾದರೆ ಅದು ಆಕಸ್ಮಿಕವಿರಬಹುದು. ಲಕ್ಷ ಜನನಗಳಲ್ಲಿ ಏರಿಳಿತ 158 ಮಾತ್ರ. ಐನೂರರ ಕೊರತೆಗೆ ಬೇರೆ ಕಾರಣವನ್ನೇ ಹುಡುಕಬೇಕು. ಆದ್ದರಿಂದ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದಂಥ ನೆರೆಯ ತಾಲ್ಲೂಕುಗಳ ಹಲವು ವರ್ಷಗಳ ಜನನ ನೋಂದಣಿಯನ್ನು ಒಟ್ಟಿಗೆ ನೋಡಬೇಕು.

ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸುವ ಕಾಯಿದೆ ಬಂದದ್ದು 1994ರಲ್ಲಿ. ಆದರೂ 2001 ಮತ್ತು 2011ರ ಜನಗಣತಿಗಳಲ್ಲಿ ಮಂಡ್ಯ ಜಿಲ್ಲೆಯ 0-6 ವಯಸ್ಸಿನವರ ಲಿಂಗಾನುಪಾತ 950ನ್ನು ಮುಟ್ಟಲಿಲ್ಲ. 2023ರಲ್ಲಿ ಮಂಡ್ಯದ ಬಳಿಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ನಡೆಯುತ್ತಿದ್ದುದನ್ನು ಪೊಲೀಸರು ಬಯಲಿಗೆಳೆದರು. 2024ರಲ್ಲಿ ಪಾಂಡವಪುರದಲ್ಲೂ ಪ್ರಕರಣ ದಾಖಲಾಯಿತು.

ಇಲ್ಲೊಂದು ಎಚ್ಚರ ಅಗತ್ಯ. ಅನುಪಾತವು ಅಪರಾಧ ನಡೆದಿರುವ ಶಂಕೆಯನ್ನು ಮೂಡಿಸುತ್ತದೆ. ಅಪರಾಧಿ ಯಾರೆಂದು ಹೇಳುವುದಿಲ್ಲ. ಅದಕ್ಕೆ ಸ್ಕ್ಯಾನಿಂಗ್ ದಾಖಲೆ, ಯಂತ್ರದ ನೋಂದಣಿ, ಸಾಕ್ಷಿಗಳ ಹೇಳಿಕೆ ಬೇಕು. ಎರಡು ಗಂಡುಮಕ್ಕಳ ತಾಯಿಯನ್ನೆಲ್ಲ ಅನುಮಾನಿಸುವುದು ಸಂಖ್ಯಾಶಾಸ್ತ್ರವೂ ಅಲ್ಲ, ನ್ಯಾಯವೂ ಅಲ್ಲ.