ನಕಲು ಬೇರೆ, ನಕಲಿ ಬೇರೆ

ತಾಲ್ಲೂಕು ಕಚೇರಿಗೆ ಹೋಗಿ ಜಮೀನಿನ ದಾಖಲೆಯ ನಕಲು ಕೇಳಿದರೆ ಶುಲ್ಕ ಪಡೆದು, ಮೊಹರು ಹಾಕಿ ಕೊಡುತ್ತಾರೆ. ಅದೇ ದಾಖಲೆ ನಕಲಿ ಎಂದು ಗೊತ್ತಾದರೆ ಪೊಲೀಸ್ ಕೇಸಾಗುತ್ತದೆ. ಎರಡೂ ಪದಗಳ ಬೇರು ಒಂದೇ, ಅರಬಿಯ 'ನಕ್ಲ್'. ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಯ್ಯುವುದು, ತಲುಪಿಸುವುದು ಎಂದು ಅದರ ಅರ್ಥ. ಮದ್ರಸಾಗಳಲ್ಲಿ ಕುರ್‌ಆನ್ ಮತ್ತು ಹದೀಸ್‌ಗಳ ವಿದ್ಯೆಯನ್ನು 'ನಕ್ಲೀ' ವಿದ್ಯೆ ಎಂದೇ ಕರೆಯುತ್ತಾರೆ. ಅಲ್ಲಿ ಅದು ಗೌರವದ ಮಾತು. ಒಬ್ಬರಿಂದ ಒಬ್ಬರಿಗೆ ತಲುಪಿ ನಮ್ಮವರೆಗೆ ಬಂದ ವಿದ್ಯೆ ಎಂದರ್ಥ.

ಹಾಗಾದರೆ ಒಂದು ವಸ್ತುವನ್ನು ಖೋಟಾ ಮಾಡುವುದು ಯಾವುದು? ಮೂಲದಿಂದ ಪ್ರತಿ ತೆಗೆದದ್ದು ಎಂಬುದೇ? ನೋಡಲು ಚೆನ್ನಾಗಿಲ್ಲ ಎಂಬುದೇ? ಒಳಗಿರುವ ಮಾತು ಕೆಟ್ಟದ್ದು ಎಂಬುದೇ? ನಮ್ಮ ಪೂರ್ವಿಕ ವಿದ್ವಾಂಸರು ಈ ಪ್ರಶ್ನೆಯ ಹಿಂದೆ ಇಡೀ ಆಯುಷ್ಯವನ್ನೇ ಕಳೆದಿದ್ದಾರೆ. ಅವರ ಕೆಲಸದ ಒಂದು ಪ್ರಸಂಗದಿಂದ ಆರಂಭಿಸೋಣ.

ಕ್ರಿ.ಶ. 11ನೇ ಶತಮಾನದ ಮಧ್ಯಭಾಗ. ಅಬ್ಬಾಸೀ ಖಲೀಫ ಅಲ್ ಕಾಇಮ್ ಅವರ ಕಾಲದ ಬಗ್ದಾದ್. ವಝೀರ್ ಇಬ್ನುಲ್ ಮುಸ್ಲಿಮಾ ಅವರ ಮುಂದೆ ಒಬ್ಬ ಯಹೂದಿ ವ್ಯಕ್ತಿ ಹಳೆಯ ಪತ್ರವೊಂದನ್ನು ತಂದಿಟ್ಟರು. ಖೈಬರಿನ ಯಹೂದಿಗಳಿಗೆ ಜಿಝ್ಯಾ ತೆರಿಗೆಯಿಂದ ವಿನಾಯಿತಿ ನೀಡಿ ಪ್ರವಾದಿ ಮುಹಮ್ಮದ್(ಸ)ರು ಬರೆಸಿಕೊಟ್ಟ ಪತ್ರವದು ಎಂದು ಹೇಳಲಾಯಿತು. ಕೈಬರಹ ಹ. ಅಲಿ(ರ)ಯವರದೆಂದೂ ಹೇಳಲಾಯಿತು. ಕೆಳಗೆ ಸಹಾಬಿಗಳ ಸಾಕ್ಷಿಯೂ ಇತ್ತು. ವಝೀರರು ಅದನ್ನು ಆ ಕಾಲದ ದೊಡ್ಡ ಹದೀಸ್ ವಿದ್ವಾಂಸರಾದ ಖತೀಬ್ ಅಲ್ ಬಗ್ದಾದಿ(ರ)ಯವರಿಗೆ ತೋರಿಸಿದರು. ಬಗ್ದಾದಿನ ಚರಿತ್ರೆ ಬರೆದವರು ಇವರೇ.

ಖತೀಬರು ಪತ್ರವನ್ನು ನೋಡಿ, ಇದು ಕಟ್ಟುಕತೆ ಎಂದುಬಿಟ್ಟರು. ಹೇಗೆ ಹೇಳುತ್ತೀರಿ ಎಂದು ಕೇಳಿದಾಗ ಅವರು ಕಾಗದದ ಬಣ್ಣ, ಶಾಯಿ, ಅಕ್ಷರದ ಅಂದ ಯಾವುದನ್ನೂ ಎತ್ತಲಿಲ್ಲ. ಎರಡು ಹೆಸರುಗಳನ್ನು ಮಾತ್ರ ತೋರಿಸಿದರು. ಸಾಕ್ಷಿಗಳಲ್ಲಿ ಒಬ್ಬರು ಹ. ಮುಆವಿಯಾ(ರ). ಅವರು ಇಸ್ಲಾಮ್ ಸ್ವೀಕರಿಸಿದ್ದು ಮಕ್ಕಾ ವಿಜಯದ ವರ್ಷ, ಅಂದರೆ ಹಿಜರಿ 8ರಲ್ಲಿ. ಖೈಬರ್ ಗೆದ್ದದ್ದು ಹಿಜರಿ 7ರಲ್ಲಿ. ಇನ್ನೊಬ್ಬರು ಹ. ಸಅದ್ ಬಿನ್ ಮುಆದ್(ರ). ಅವರು ಹಿಜರಿ 5ರ ಖಂದಕ್ ಯುದ್ಧದಲ್ಲಿ ಗಾಯಗೊಂಡು, ಅದೇ ಗಾಯದಿಂದ ತೀರಿಕೊಂಡಿದ್ದರು. ಒಬ್ಬರು ಆಗಿನ್ನೂ ಮುಸ್ಲಿಮರಾಗಿರಲಿಲ್ಲ, ಇನ್ನೊಬ್ಬರು ಆಗ ಬದುಕೇ ಇರಲಿಲ್ಲ. ಸಾಕ್ಷಿ ಹಾಕಿದವರು ಯಾರು?

ವಝೀರರು ಒಪ್ಪಿದರು. ಇನ್ನು ಮುಂದೆ ಉಪದೇಶಕರೂ ಖತೀಬರೂ ಯಾವುದೇ ಹದೀಸನ್ನು ಮೊದಲು ಅವರಿಗೆ ತೋರಿಸದೆ ಜನರ ಮುಂದೆ ಹೇಳಬಾರದು ಎಂದು ಆಜ್ಞೆಯನ್ನೂ ಮಾಡಿದರು ಎಂದು ಚರಿತ್ರೆಕಾರರು ಬರೆದಿದ್ದಾರೆ. ಮಿಂಬರ್ ಹತ್ತುವ ನಮ್ಮಂಥವರು ನೆನಪಿಡಬೇಕಾದ ಆಜ್ಞೆ ಅದು.

ಆದರೆ ಒಮ್ಮೆ ಸಿಕ್ಕಿಬಿದ್ದ ಖೋಟಾ ಅಲ್ಲಿಗೇ ಸಾಯುವುದಿಲ್ಲ. 14ನೇ ಶತಮಾನದಲ್ಲಿ ಇಂಥದೇ ಪತ್ರ ಇಬ್ನು ತೈಮಿಯ್ಯಾ(ರ)ರ ಮುಂದೆ ಬಂತು. ಅದು ಸುಳ್ಳು ಎಂಬುದಕ್ಕೆ ಅವರ ಶಿಷ್ಯ ಇಬ್ನುಲ್ ಕಯ್ಯಿಮ್(ರ) ಹತ್ತು ಕಾರಣಗಳನ್ನು ಪಟ್ಟಿ ಮಾಡಿದರು. ಖೈಬರ್ ವಿಜಯದ ಹೊತ್ತಿಗೆ ಜಿಝ್ಯಾದ ಆಯತ್ ಇನ್ನೂ ಅವತೀರ್ಣವೇ ಆಗಿರಲಿಲ್ಲ ಎಂಬುದು ಅವುಗಳಲ್ಲೊಂದು. ಇಲ್ಲದ ತೆರಿಗೆಗೆ ವಿನಾಯಿತಿ ಎಲ್ಲಿಂದ ಬರುತ್ತದೆ?

ಪತ್ರ ತಂದವರು ಹೊರಗಿನವರು ಎಂದು ನಾವು ಸಮಾಧಾನ ಪಡುವಂತಿಲ್ಲ. ಪ್ರವಾದಿ(ಸ)ರ ಹೆಸರಿನಲ್ಲಿ ಖೋಟಾ ಮಾತು ಹೆಚ್ಚಾಗಿ ಹುಟ್ಟಿದ್ದು ಸಮುದಾಯದ ಒಳಗೇ. ಖಲೀಫ ಅಲ್ ಮಹ್ದಿಗೆ ಪಾರಿವಾಳ ಸಾಕುವ ಹವ್ಯಾಸವಿತ್ತು. ಒಂಟೆ, ಕುದುರೆ ಮತ್ತು ಬಾಣದ ಸ್ಪರ್ಧೆಗೆ ಹೊರತು ಬಹುಮಾನವಿಲ್ಲ ಎಂಬ ಹದೀಸ್ ಒಂದಿದೆ. ಗಿಯಾಸ್ ಬಿನ್ ಇಬ್ರಾಹೀಮ್ ಎಂಬವನು ಖಲೀಫರ ಎದುರು ಅದನ್ನು ಹೇಳುವಾಗ 'ರೆಕ್ಕೆ' ಎಂಬ ಒಂದು ಪದವನ್ನು ಸೇರಿಸಿಬಿಟ್ಟ. ಅವನಿಗೆ 10,000 ದಿರ್ಹಮ್ ಸಿಕ್ಕಿತು. ಅವನು ಎದ್ದು ಹೊರಟಾಗ ಖಲೀಫರು, ಇವನು ಸುಳ್ಳುಗಾರ ಎಂದು ಹೇಳಿ, ಆ ಸುಳ್ಳಿಗೆ ಕಾರಣವಾದ ಪಾರಿವಾಳವನ್ನೇ ಕೊಯ್ಯಿಸಿದರು. ಉಳಿದ ಮಾತೆಲ್ಲ ಅಸಲಿ, ಪದ ಒಂದೇ ನಕಲಿ. ಆದರೂ ಆ ಒಂದು ಪದ ಇಡೀ ಹೇಳಿಕೆಯನ್ನು ಕೆಡಿಸಿತು.

ಗಿಯಾಸ್ ಹೇಳಿದ್ದು ರಾಜನನ್ನು ಮೆಚ್ಚಿಸಲು. ಮರ್ವ್ ಪಟ್ಟಣದ ಕಾಝಿ ನೂಹ್ ಬಿನ್ ಅಬೀ ಮರ್ಯಮ್ ಅವರದು ಬೇರೆಯೇ ಕತೆ. ಕುರ್‌ಆನಿನ ಒಂದೊಂದು ಸೂರಾದ ಶ್ರೇಷ್ಠತೆಯ ಬಗ್ಗೆ ಅವರು ಹದೀಸ್‌ಗಳನ್ನು ಹೇಳುತ್ತಿದ್ದರು. ಇವು ಎಲ್ಲಿಂದ ಸಿಕ್ಕವು ಎಂದು ಕೇಳಿದಾಗ, ಜನರು ಕುರ್‌ಆನನ್ನು ಬಿಟ್ಟು ಫಿಕ್ಹ್‌ನಲ್ಲಿಯೂ ಯುದ್ಧಗಳ ಚರಿತ್ರೆಯಲ್ಲಿಯೂ ಮುಳುಗಿದ್ದನ್ನು ಕಂಡು, ಪುಣ್ಯ ಬಯಸಿ ತಾನೇ ಕಟ್ಟಿದೆ ಎಂದರಂತೆ. ಉದ್ದೇಶ ಒಳ್ಳೆಯದು. ವಿಷಯವೂ ಕುರ್‌ಆನಿನ ಪ್ರೀತಿ. ಆದರೂ ವಿದ್ವಾಂಸರು ಅವರನ್ನು ಕ್ಷಮಿಸಲಿಲ್ಲ. ಏಕೆಂದರೆ ಪ್ರವಾದಿ(ಸ)ರು ಹೇಳದ್ದನ್ನು ಹೇಳಿದರು ಎನ್ನುವುದೇ ಸುಳ್ಳು. ತನ್ನ ಮೇಲೆ ತಿಳಿದೂ ಸುಳ್ಳು ಹೊರಿಸುವವನ ಠಿಕಾಣಿ ನರಕ ಎಂದು ಅವರು ಎಚ್ಚರಿಸಿದಾಗ, ಒಳ್ಳೆಯ ಸುಳ್ಳಿಗೆ ರಿಯಾಯಿತಿ ಇಟ್ಟಿರಲಿಲ್ಲ.

ಇದಕ್ಕೇ ಸನದ್ ಎಂಬ ಪದ್ಧತಿ ಬೆಳೆಯಿತು. ಮೊದಲು ಸನದ್ ಕೇಳುವ ರೂಢಿ ಇರಲಿಲ್ಲ, ಫಿತ್ನಾ ತಲೆದೋರಿದ ಮೇಲೆ 'ಯಾರಿಂದ ಕೇಳಿದಿರಿ, ಹೆಸರು ಹೇಳಿ' ಎನ್ನತೊಡಗಿದೆವು ಎಂಬ ಅರ್ಥದ ಮಾತನ್ನು ಇಬ್ನು ಸೀರೀನ್(ರ) ಹೇಳಿದ್ದಾರೆ. ಈ ಖೋಟಾ ಹದೀಸ್‌ಗಳಿಗೆ ಏನು ಗತಿ ಎಂದು ಯಾರೋ ಕೇಳಿದಾಗ ಅಬ್ದುಲ್ಲಾ ಬಿನ್ ಮುಬಾರಕ್(ರ) ಅವರು, ಅವುಗಳಿಗಾಗಿಯೇ ಬದುಕುವ ಪರೀಕ್ಷಕರಿದ್ದಾರೆ ಎಂದರು. ಅವರು ಬಳಸಿದ ಪದ 'ಜಹಾಬಿದಾ'. ನಾಣ್ಯವನ್ನು ಪರೀಕ್ಷಿಸುವ ಚಿನಿವಾರರಿಗೆ ಆ ಹೆಸರಿತ್ತು. ನಾವು ಕನ್ನಡದಲ್ಲಿ ಹೇಳುವ 'ನಗದು' ಕೂಡ ಅರಬಿಯ 'ನಕ್ದ್'. ಕೈಯಲ್ಲಿರುವ ಹಣ ಎಂಬುದರ ಜೊತೆಗೆ, ನಾಣ್ಯದ ಅಸಲಿಯತ್ತನ್ನು ಪರೀಕ್ಷಿಸುವುದು ಎಂಬ ಅರ್ಥವೂ ಅದಕ್ಕಿದೆ.

ಇಲ್ಲಿ ಒಂದು ವ್ಯತ್ಯಾಸ ಗಮನಿಸಿ. ದಈಫ್ ಎಂದರೆ ದುರ್ಬಲ. ಸರಪಳಿಯ ಒಂದು ಕೊಂಡಿ ಸಡಿಲವಾಗಿದೆ ಅಥವಾ ಕಳಚಿದೆ. ಅದು ಹರಿದುಹೋದ ನಕಲು ಪ್ರತಿಯ ಹಾಗೆ. ಮೌದೂಅ್ ಎಂದರೆ ಕಟ್ಟಿದ್ದು. ಅದಕ್ಕೆ ಮೂಲವೇ ಇಲ್ಲ. ಎರಡನ್ನೂ ಒಂದೇ ಬುಟ್ಟಿಗೆ ಹಾಕಬಾರದು.

ಈಗ ನಮ್ಮ ಮನೆಯ ಮಾತಿಗೆ ಬರೋಣ. ಪ್ರತಿ ವರ್ಷ ಆಗಸ್ಟ್ 15 ಹತ್ತಿರ ಬಂದಾಗ ಮಕ್ಕಳ ಭಾಷಣದಲ್ಲಿ, ಬ್ಯಾನರ್‌ಗಳಲ್ಲಿ, ವಾಟ್ಸಾಪ್‌ನಲ್ಲಿ ಒಂದು ವಾಕ್ಯ ತಪ್ಪದೆ ಬರುತ್ತದೆ: ದೇಶಪ್ರೇಮ ಈಮಾನಿನ ಭಾಗ ಎಂಬ 'ಹದೀಸ್'. ಅದನ್ನು ಮೌದೂಅ್ ಎಂದು ಗುರುತಿಸಿದವರು ಇಮಾಮ್ ಸಗಾನಿ(ರ). ಅವರು ಪರದೇಶದವರೂ ಅಲ್ಲ. ಹಿ. 577ರಲ್ಲಿ, ಅಂದರೆ ಕ್ರಿ.ಶ. 1181ರಲ್ಲಿ ಲಾಹೋರಿನಲ್ಲಿ ಹುಟ್ಟಿದವರು; ಖಲೀಫರ ದೂತರಾಗಿ ದಿಲ್ಲಿಗೆ ಬಂದವರು. ಇಮಾಮ್ ಸಖಾವಿ(ರ) ಅವರೂ ಈ ಹದೀಸ್ ತಮಗೆ ಎಲ್ಲೂ ಸಿಕ್ಕಿಲ್ಲ ಎಂದರು, ಆದರೆ ಅದರ ಅರ್ಥ ಸರಿಯಾಗಿದೆ ಎಂದೂ ಹೇಳಿದರು.

ಹೀಗೆ ಹೇಳಿದರೆ ನಮ್ಮ ಯುವಕರಿಗೆ ಇರುಸುಮುರುಸಾಗುತ್ತದೆ. ನಮ್ಮ ದೇಶಪ್ರೇಮವನ್ನು ಪ್ರಶ್ನಿಸುವವರಿರುವಾಗ ಈ ಹದೀಸನ್ನೂ ಬಿಟ್ಟುಕೊಡಬೇಕೇ ಎಂದು ಕೇಳುತ್ತಾರೆ. ನೋವಿನ ಪ್ರಶ್ನೆಯೇ. ಆದರೆ ನಾಳೆ ಯಾರಾದರೂ ಗ್ರಂಥ ತೆರೆದು, ಇದು ನಿಮ್ಮ ಪ್ರವಾದಿಯ ಮಾತಲ್ಲ ಎಂದು ತೋರಿಸಿದರೆ, ಆ ಮಾತಿನ ಜೊತೆ ನಮ್ಮ ಪ್ರೀತಿಯೂ ಖೋಟಾ ಎಂದಾಗುವುದಿಲ್ಲವೇ? ಅಪ್ಪ, ಉಸ್ತಾದ್ ಹೇಳಿದ್ದು ಸುಳ್ಳೆಂದು ಮಗುವಿಗೆ ಒಂದು ದಿನ ಗೊತ್ತಾದರೆ, ಅವರು ಹೇಳಿದ ನಿಜವಾದ ಹದೀಸನ್ನಾದರೂ ಅದು ನಂಬೀತೇ?

ಸುಳ್ಳಿನ ಅಗತ್ಯವೂ ನಮಗಿಲ್ಲ. ಹಿಜರತ್‌ಗೆ ಹೊರಡುವಾಗ ಪ್ರವಾದಿ(ಸ)ರು ಮಕ್ಕಾದ ಕಡೆ ನೋಡಿ, ನೀನು ನನಗೆ ಅತ್ಯಂತ ಪ್ರಿಯವಾದ ನೆಲ, ನನ್ನ ಜನ ಹೊರಹಾಕದಿದ್ದರೆ ನಾನು ನಿನ್ನನ್ನು ಬಿಡುತ್ತಿರಲಿಲ್ಲ ಎಂಬರ್ಥದ ಮಾತು ಹೇಳಿದ್ದನ್ನು ಇಮಾಮ್ ತಿರ್ಮಿದಿ(ರ) ವರದಿ ಮಾಡಿದ್ದಾರೆ. ಹುಟ್ಟಿದ ಊರಿನ ಪ್ರೀತಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ?

ಆದ್ದರಿಂದ ಹದೀಸ್ ಎಂದು ಬಂದ ಸಂದೇಶವನ್ನು ಮುಂದಕ್ಕೆ ಕಳುಹಿಸುವ ಮೊದಲು ಯಾವ ಗ್ರಂಥದಲ್ಲಿದೆ ಎಂದು ಕೇಳಿ. ಉತ್ತರ ಸಿಗದಿದ್ದರೆ ನಿಮ್ಮ ಮಸೀದಿಯ ಉಸ್ತಾದರಿಗೆ ತೋರಿಸಿ. ಮಾತು ಚೆನ್ನಾಗಿದ್ದು ಮೂಲ ಸಿಗದಿದ್ದರೆ 'ಹಿರಿಯರು ಹೇಳುವ ಮಾತು' ಎಂದು ಹೇಳಿ. ಆಗ ಅದು ಅಸಲಿಯೇ, ಏಕೆಂದರೆ ಇರುವುದನ್ನು ಇದ್ದಂತೆ ಹೇಳಿದಿರಿ.